ಪಾಲಿಶಕ್ಕನ ಬಲಗೈ, ಭಾವನ ಪೆಟ್ಟಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮರಗೆಲಸದ ಶೆಡ್ಡಿನ ಬಾಗಿಲ ಬಳಿ ಒಬ್ಬ ಹೆಂಗಸು ಗೋಣಿಚೀಲ ಹಾಸಿಕೊಂಡು ಕೂತು, ತೊಡೆಯ ಮೇಲಿಟ್ಟ ತೇಗದ ಪೆಟ್ಟಿಗೆಯನ್ನು ಉಜ್ಜುತ್ತಿದ್ದಾರೆ. ಉಜ್ಜುಕಾಗದದ ಸದ್ದು ಮಾತ್ರ, ಒಂದೇ ದಿಕ್ಕಿಗೆ, ಮರದ ಎಳೆಯ ಗುಂಟ. ಆಗಾಗ ನಿಲ್ಲಿಸಿ ದೂಳು ಊದುತ್ತಾರೆ, ಬಲಗೈ ಕೊಡವುತ್ತಾರೆ, ಮತ್ತೆ ಉಜ್ಜುತ್ತಾರೆ. ಮಣಿಕಟ್ಟಿಗೆ ಸುತ್ತಿದ ಬಟ್ಟೆಪಟ್ಟಿ ಒಂದು ಕಾಲದಲ್ಲಿ ಬಿಳಿ ಇದ್ದಿರಬೇಕು. ಈಗ ಅದಕ್ಕೂ ತೇಗದ ಬಣ್ಣ ಬಂದಿದೆ.

ಬೀದಿಯವರೆಲ್ಲ ಇವರನ್ನು ಪಾಲಿಶಕ್ಕ ಎನ್ನುತ್ತಾರೆ. ಈ ಬೀದಿಯ ತುಂಬ ಮರಗೆಲಸದ ಶೆಡ್ಡುಗಳು. ಕುರ್ಚಿ ಮಾಡುವವರು ಬೇರೆ, ಮಂಚದವರು ಬೇರೆ, ಕಿಟಕಿಯವರು ಬೇರೆ. ಆದರೆ ಯಾರ ಸಾಮಾನಾದರೂ ಗಿರಾಕಿಯ ಮನೆಗೆ ಹೋಗುವ ಮುಂಚೆ ಇವರ ಕೈ ದಾಟಿಯೇ ಹೋಗಬೇಕು.

"ಕೊಯ್ದವರ ತಪ್ಪು, ಜೋಡಿಸಿದವರ ತಪ್ಪು, ಎಲ್ಲಾ ನನ್ನ ಮುಂದೆ ಸಾಲಾಗಿ ಬಂದು ನಿಲ್ತಾವೆ. ನಾನು ಮುಖ ತೊಳೆಸಿ, ತಲೆ ಬಾಚಿ ಕಳಿಸ್ತೀನಿ. ಗಿರಾಕಿ ಬಂದು ಬಡಗೀನ ಹೊಗಳಿ ಹೋಗ್ತಾರೆ," ಎಂದು ನಗುತ್ತಾರೆ. ನಗುವಾಗಲೂ ಕೈ ನಿಲ್ಲುವುದಿಲ್ಲ.

ಕೆಲಸ ಕಲಿಸಿದ್ದು ಅತ್ತೆ. ಅವರೂ ಇದೇ ಬೀದಿಯಲ್ಲಿ ಉಜ್ಜಿದವರು. "ಅತ್ತೆ ಕೊಟ್ಟಿದ್ದು ಎರಡೇ. ಒಂದು ಈ ಕೆಲಸ, ಇನ್ನೊಂದು ಇದು," ಎಂದು ಸೊಂಟದಿಂದ ಎಳೆದು ತೋರಿಸುವುದು ಒಂದು ಹಳೆಯ ನೈಲಾನ್ ಕಾಲುಚೀಲವನ್ನು. ಅದನ್ನು ಕೈಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಉಜ್ಜಿದ ಮರದ ಮೇಲೆ ಸವರಬೇಕು. ಕಣ್ಣಿಗೂ ಬೆರಳಿಗೂ ಸಿಗದ ತರಿ ಇದ್ದರೆ ಕಾಲುಚೀಲದ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಇದರ ಜೊತೆಯ ಇನ್ನೊಂದು ಕಾಲುಚೀಲ ಎಲ್ಲಿ ಎಂದು ನಾನು ಕೇಳಿದರೆ, "ಅದು ಮಾವನವರ ಕಾಲಲ್ಲೇ ಹರಿದುಹೋಯ್ತು. ಅತ್ತೆ ಕೊನೇವರೆಗೂ ಬೈತಿದ್ರು," ಎನ್ನುತ್ತಾರೆ.

ಇಷ್ಟು ವರ್ಷ ಉಜ್ಜಿದ್ದರ ಫಲ ಆ ಮಣಿಕಟ್ಟು. ಬೆಳಿಗ್ಗೆ ಎದ್ದಾಗ ಬೆರಳುಗಳಿಗೆ ಸ್ಪರ್ಶವೇ ಇರುವುದಿಲ್ಲ. ಲೋಟ ಹಿಡಿದರೆ ಜಾರುತ್ತದೆ. ಹೀಗೇ ಮುಂದುವರಿದರೆ ಕೈ ಪೂರ್ತಿ ಕೆಲಸಕ್ಕೆ ಬಾರದೆ ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದಾರೆ. "ಉಜ್ಜೋದು ಬಿಡಿ ಅಂದ್ರು. ಬಿಟ್ಟು ಏನು ಹಿಡೀಲಿ, ನೀವೇ ಹೇಳಿ ಅಂದೆ. ಪಾಪ, ಒಂದು ಮುಲಾಮು ಬರೆದುಕೊಟ್ರು."

ಇಂಥ ಸಮಯದಲ್ಲೇ ಭಾವ ಒಂದು ಒಳ್ಳೆಯ ಯಂತ್ರ ಕೊಳ್ಳುವ ಮನಸ್ಸು ಮಾಡಿದರು. ಭಾವ ಎಂದರೆ ಪಾಲಿಶಕ್ಕನ ಸ್ವಂತ ಅಕ್ಕನ ಗಂಡ, ಈ ಶೆಡ್ಡಿನ ಯಜಮಾನರು, ಬಾಗಿಲು ಮಾಡುವುದರಲ್ಲಿ ಎತ್ತಿದ ಕೈ. ಅವರ ಉಳಿ, ಗರಗಸ, ಕೊನೆಗೆ ಕಿವಿಯ ಮೇಲಿನ ಪೆನ್ಸಿಲ್ ಕೂಡ ಯಾರೋ ಬಳಸಿ ಬಿಟ್ಟದ್ದು. ಹಿಡಿಗಳೆಲ್ಲ ಬೇರೆಯವರ ಬೆರಳಿನ ಆಕಾರಕ್ಕೆ ಸವೆದಿವೆ. ಹೊಸದು ಎಂಬುದು ಅವರ ಬಾಳಿನಲ್ಲಿ ಇದೇ ಮೊದಲು.

ಬೀದಿಗೆ ಬೀದಿಯೇ ಸಲಹೆ ಕೊಡಲು ನೆರೆಯಿತು. ಪಕ್ಕದ ಶೆಡ್ಡಿನ ಮೊಳೆ ಮಾವ, ಯಾವ ಜೋಡಣೆಗೂ ನಾಲ್ಕು ಮೊಳೆ ಹೊಡೆದು ಕೈ ತೊಳೆದುಕೊಳ್ಳುವವರು, "ಮೊಳೆ ಹೊಡೆಯೋ ಗನ್ ತಗೋ ಮಾರಾಯ, ಜನ್ಮ ಸಾರ್ಥಕ ಆಗುತ್ತೆ," ಎಂದರು. ಭಾವನ ಕಣ್ಣು ಮಾತ್ರ ದೊಡ್ಡ ಗರಗಸದ ಯಂತ್ರದ ಮೇಲಿತ್ತು. ಅದರ ಸದ್ದು ಬೀದಿಯ ಕೊನೆಗೂ ಕೇಳಿಸುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ.

ಪಾಲಿಶಕ್ಕ ಹೇಳಿದ್ದು ಇಷ್ಟು: "ಮೊದಲನೇ ಒಳ್ಳೆ ಯಂತ್ರ ಅಂದ್ರೆ ಸದ್ದು ಮಾಡೋದಲ್ಲ ಭಾವ. ದಿನದಲ್ಲಿ ಜಾಸ್ತಿ ಹೊತ್ತು ಯಾವ ಕೆಲಸಕ್ಕೆ ಕೈ ಸವೆಯುತ್ತೋ ಅದಕ್ಕೆ ತಗೋಬೇಕು. ಕೊಯ್ಯೋದು ಒಂದು ಗಳಿಗೆ, ಉಜ್ಜೋದು ಇಡೀ ದಿನ. ಉಜ್ಜೋ ಯಂತ್ರ, ಸ್ಯಾಂಡರ್ ತಗೊಳ್ಳಿ."

"ಸವೆಯೋದು ನಿನ್ನ ಕೈ ಅಲ್ವೇನಮ್ಮ?"

"ಹೌದು. ಅದಕ್ಕೇ ಹೇಳ್ತಿರೋದು."

ಅಗ್ಗದ ಸ್ಯಾಂಡರ್ ಆದರೆ ಆಗದೇ ಎಂದು ಮೊಳೆ ಮಾವ ಕೇಳಿದರು. ಅವರ ಬಳಿ ಒಂದಿದೆ. ಪಾಲಿಶಕ್ಕ ವಾದಕ್ಕೆ ಇಳಿಯಲಿಲ್ಲ. ಒಂದು ಹಲಗೆಯ ಅರ್ಧವನ್ನು ಮಾವನ ಯಂತ್ರದಲ್ಲಿ ಉಜ್ಜಿದರು. ಹಲಗೆಯನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ, ಉಳಿದರ್ಧವನ್ನು ಅಲ್ಲಿ ತೋರಿಸಲು ಇಟ್ಟಿದ್ದ ಒಳ್ಳೆಯ ಯಂತ್ರದಲ್ಲಿ ಉಜ್ಜಿ ತಂದರು. ಒಳ್ಳೆಯದು ಕೈಯನ್ನು ಅಷ್ಟು ನಡುಗಿಸುವುದಿಲ್ಲ, ಎದ್ದ ದೂಳನ್ನು ತಾನೇ ಎಳೆದುಕೊಳ್ಳುತ್ತದೆ. ಪಾಲಿಶ್ ಹಚ್ಚಿದ್ದೇ ತಡ, ಮಾವನ ಅರ್ಧದ ಮೇಲೆ ಸುಳಿಸುಳಿಯಾಗಿ ಗೀರುಗಳು ಎದ್ದು ಕಂಡವು. ಭಾವನ ಕೈಗೆ ಕಾಲುಚೀಲ ತೊಡಿಸಿ ಕಣ್ಣು ಮುಚ್ಚಲು ಹೇಳಿದರು.

"ಇದು ಮಗುವಿನ ಕೆನ್ನೆ," ಎಂದರು ಭಾವ. ಕೈ ಆ ಕಡೆ ಸರಿಯಿತು. "ಇದು ಮೊಳೆ ಮಾವನ ಕೆನ್ನೆ."

ಮಾವ ಗಡ್ಡ ಕೆರೆದುಕೊಂಡರು. ಸ್ಯಾಂಡರ್ ಗೆದ್ದಿತು.

ಭಾವ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದರಂತೆ. ಶೆಡ್ಡಿನಲ್ಲಿ ರಟ್ಟಿನ ಡಬ್ಬ ತೆರೆದರು, ಮೂಸಿ ನೋಡಿದರು, ಮುಚ್ಚಿದರು. ಟವೆಲ್ಲಿನಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಕೀಲಿ ಅಂಗಿಯ ಜೇಬಿಗೆ ಹೋಯಿತು.

"ಯಾಕೆ ಭಾವ?" ಎಂದು ಪಾಲಿಶಕ್ಕ ಕೇಳಿದರೆ, "ಇಲ್ಲೆಲ್ಲ ದೂಳು. ಅದರ ಮೇಲೆ ಕೂತ್ಕೊಳ್ಳುತ್ತೆ," ಎಂದರು.

"ದೂಳು ಎಳೆಯೋಕೇ ಅಲ್ವಾ ಅದನ್ನ ತಂದಿರೋದು!"

"ಹೊಸದಲ್ವಾ. ಸ್ವಲ್ಪ ಅಭ್ಯಾಸ ಆಗ್ಲಿ."

"ಯಾರಿಗೆ?"

"ನನಗೆ."

ಮೊದಲ ಗೀರು ಬೀಳುವುದನ್ನು ನೋಡಲು ತಮ್ಮಿಂದ ಆಗುವುದಿಲ್ಲ ಎಂದು ಭಾವ ನನ್ನ ಬಳಿಯೂ ಒಪ್ಪಿಕೊಳ್ಳುತ್ತಾರೆ, ಬೇರೆ ಕಡೆ ನೋಡುತ್ತ. ಅಂಥದ್ದಕ್ಕೆ ತಕ್ಕ ಮನೆ ಬೇಡವೇ? ಅಡುಗೆಮನೆಯ ಕಪಾಟಿಗೆಂದು ವರ್ಷಗಳಿಂದ ಎತ್ತಿಟ್ಟಿದ್ದ ತೇಗದ ಹಲಗೆ ಹೊರಬಂತು. ಬೆರಳಿಗೆ ಬೆರಳು ಹೆಣೆದ ಹಾಗೆ ಮೂಲೆಗಳನ್ನು ಕೂಡಿಸಿ, ಯಂತ್ರದ ಮೈಗೆ ತಕ್ಕಂತೆ ಒಳಗೆ ಗೂಡು ಕೊರೆದು, ಭಾವ ಒಂದು ಪೆಟ್ಟಿಗೆ ಮಾಡಿದರು. ಹೆಂಡತಿ ಬಂದು ನೋಡಿ, "ನಾನು ಈ ಮನೆಗೆ ಬಂದಾಗ ಬಟ್ಟೆ ಇಟ್ಕೊಳ್ಳೋಕೆ ಒಂದು ಮೊಳೆ ತೋರಿಸಿದ್ರು. ಇದಕ್ಕೆ ನೋಡಿ ಅರಮನೆ," ಎಂದರು.

ಅರಮನೆ ಸಿದ್ಧವಾದ ಮೇಲೆ ಪಾಲಿಶ್ ಆಗಬೇಕಲ್ಲ. ಬೀದಿಯಲ್ಲಿ ಆ ಕೆಲಸ ಮಾಡುವವರು ಒಬ್ಬರೇ.

ಈ ಬೆಳಿಗ್ಗೆ ಪಾಲಿಶಕ್ಕ ಉಜ್ಜುತ್ತಿರುವುದು ಆ ಪೆಟ್ಟಿಗೆಯನ್ನೇ. ಕೈ ಉಳಿಸಲು ತರಿಸಿದ ಯಂತ್ರದ ಪೆಟ್ಟಿಗೆಯನ್ನು, ಅದೇ ಕೈಯಲ್ಲಿ. "ಅರೆಬರೆ ಮಾಡೋಕೆ ಮನಸ್ಸು ಬರಲ್ಲ. ಎಷ್ಟು ಚೆನ್ನಾಗಿ ಕೂಡಿಸಿದ್ದಾರೆ ನೋಡಿ, ಮೂಲೆ ಎಲ್ಲಿದೆ ಅಂತ ಉಗುರಿಗೂ ಸಿಗಲ್ಲ," ಎಂದು ಪೆಟ್ಟಿಗೆ ತಿರುಗಿಸಿ ತೋರಿಸುತ್ತಾರೆ. ನಿಮಗೆ ಏನು ಬೇಕು ಎಂದು ಕೇಳಿದರೆ ಪೆಟ್ಟಿಗೆಯ ದೂಳು ಊದುತ್ತಾರೆ. "ಬೆಳಿಗ್ಗೆ ಎದ್ದಾಗ ಬೆರಳು ನನ್ನವೇ ಅಂತ ಗೊತ್ತಾಗಬೇಕು. ಅಷ್ಟು ಸಾಕು."

ಮಧ್ಯಾಹ್ನದ ಹೊತ್ತಿಗೆ ಕೊನೆಯ ಕೈ ಪಾಲಿಶ್ ಒಣಗುತ್ತದೆ. ಭಾವ ಕಾಲುಚೀಲ ಹಾಕಿಕೊಂಡು ಕಣ್ಣು ಮುಚ್ಚಿ ಸವರುತ್ತಾರೆ. ಎಳೆ ಎಲ್ಲೂ ಸಿಕ್ಕುವುದಿಲ್ಲ. ಟ್ರಂಕಿನಿಂದ ಯಂತ್ರ ತೆಗೆದು, ಟವೆಲ್ ಬಿಚ್ಚಿ, ಗೂಡಿನಲ್ಲಿ ಮಲಗಿಸುತ್ತಾರೆ. ಮುಚ್ಚಳ ಒಂದೇ ಸಲಕ್ಕೆ ಬೀಳುವುದಿಲ್ಲ. ಒಳಗಿನ ಗಾಳಿ ಹೊರಹೋಗುತ್ತಿದ್ದಂತೆ ಮೆಲ್ಲಗೆ ಇಳಿಯುತ್ತದೆ. ಅಷ್ಟು ಬಿಗಿ, ಅಷ್ಟು ನಯ.

"ಒಂದು ಮೊಳೆ ಕೂಡ ಇಲ್ವಲ್ಲಪ್ಪ," ಎಂದು ಮೊಳೆ ಮಾವ ನೊಂದುಕೊಳ್ಳುತ್ತಾರೆ.

ಹಿತ್ತಾಳೆಯ ಬೀಗ ಟಕ್ ಎನ್ನುತ್ತದೆ. ಕೀಲಿ ಜೇಬಿಗೆ ಹೋಗುತ್ತದೆ.

ಶೆಡ್ಡಿನ ಆ ಬದಿಯಲ್ಲಿ ಉದ್ದನೆಯ ಊಟದ ಮೇಜೊಂದು, ಸುತ್ತ ಕುರ್ಚಿಗಳು, ಮೈತುಂಬ ತರಿ ಹೊತ್ತು ಕಾದು ನಿಂತಿವೆ. ಈ ವಾರವೇ ಹೋಗಬೇಕಾದ ಸಾಮಾನು. ಪಾಲಿಶಕ್ಕ ಅವನ್ನೊಮ್ಮೆ ನೋಡುತ್ತಾರೆ. ಕಾಲುಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಟ್ಟಿ ಸುತ್ತಿದ ಬಲಗೈಯನ್ನು ಮುಂದೆ ಚಾಚುತ್ತಾರೆ.

"ಭಾವ, ಕೀಲಿ ಕೊಡಿ."

ಭಾವ ಪೆಟ್ಟಿಗೆಯ ಮೇಲೆ ಇಲ್ಲದ ದೂಳನ್ನು ಒರೆಸುತ್ತಾರೆ. ಅವರ ಹೆಂಡತಿ ಜೇಬನ್ನೇ ನೋಡುತ್ತಾರೆ. ಮೊಳೆ ಮಾವನಿಗೆ ಇದ್ದಕ್ಕಿದ್ದಂತೆ ಮಾಡಿನ ತಗಡಿನಲ್ಲಿ ಏನೋ ಕಾಣಿಸಿದೆ. ಚಾಚಿದ ಕೈ ಹಾಗೇ ಇದೆ.