ಡ್ರೈವರನ ಬಾಯಿಯ ವಾಸನೆ

ನಮ್ಮ ಮಾವನವರು ಯಾರನ್ನೂ ನಂಬಿದವರಲ್ಲ. ಅದು ಹುಟ್ಟುಗುಣವೋ ಕಸುಬು ಕಲಿಸಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ರೋಣದಲ್ಲಿ ಅವರದು ಹತ್ತಿ ದಲಾಲಿಯ ಅಡತಿ ಅಂಗಡಿ. ತೂಕ ಹೆಚ್ಚಲಿ ಎಂದು ಹತ್ತಿ ತುಂಬಿದ ಅಂಡಿಗೆ ಚೀಲಕ್ಕೆ ನೀರು ಚಿಮುಕಿಸುತ್ತಾರೆ, ನಡುವೆ ಕಲ್ಲು ಇಡುತ್ತಾರೆ ಎಂಬುದು ಆ ಕಸುಬಿನ ಮೊದಲ ಪಾಠ. ಹಾಗಾಗಿ ಅಂಡಿಗೆ ಕಂಡೊಡನೆ ಅವರು ಮೊಳಕೈವರೆಗೆ ಕೈ ತೂರಿಸಿ, ಒಳಗಿನಿಂದ ಒಂದು ಹಿಡಿ ಕಿತ್ತು, ಮೂಗಿಗೆ ಹಿಡಿದು ಮೂಸುತ್ತಿದ್ದರು. ಮನೆಗೆ ಬಂದ ಮೇಲೂ ಆ ಮೂಗಿಗೆ ಸೂಟಿ ಇರಲಿಲ್ಲ. ಹಾಲು ಮೂಸುವರು, ತುಪ್ಪ ಮೂಸುವರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ತವರಿನಿಂದ ಬಂದ ಬುತ್ತಿಯನ್ನೂ ಮೂಸಿದ್ದರು. ಆ ಸಿಟ್ಟು ನನಗೆ ಬಹಳ ದಿನ ಇತ್ತು.

ಇಂಥವರು ಒಂದು ಹಳೆಯ ಮೋಟಾರು ಇಟ್ಟಿದ್ದರು. ಯುದ್ಧಕ್ಕೂ ಮುಂಚಿನ ವಿಲಾಯತಿ ಗಾಡಿ. ಮೇಲೆ ಮಡಚುವ ಕ್ಯಾನ್ವಾಸು, ಹಿಂದೆ ತಳದಲ್ಲಿ ಪೆಟ್ರೋಲಿನ ಟಾಕಿ, ಟಾಕಿಗೆ ಹೊರಗೆ ಚಾಚಿದ ಗೇಣುದ್ದದ ಕೊರಳು. ಓಡಿಸಲು ಜಕ್ಕಲಿಯವನೊಬ್ಬ ಡ್ರೈವರ್. ಲಷ್ಕರದಲ್ಲಿ ಲಾರಿ ಹೊಡೆದು ಬಂದ ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ. ಮಾತು ಕಡಿಮೆ ಇದ್ದವರ ಮೇಲೆ ಮಾವನವರಿಗೆ ಗುಮಾನಿ ಹೆಚ್ಚು.

ಆ ವರ್ಷ ನಾದಿನಿಯ ಮದುವೆ ಗೊತ್ತಾಗಿತ್ತು. ಕಾರಹುಣ್ಣಿಮೆ ಮುಗಿದು ಸ್ವಲ್ಪ ದಿನಕ್ಕೆ ಸೀರೆ ತರಲೆಂದು ಗಜೇಂದ್ರಗಡಕ್ಕೆ ಹೊರಟೆವು. ಮುಂದೆ ಮಾವ, ಹಿಂದೆ ಅತ್ತೆ ಮತ್ತು ನಾನು. ಜಕ್ಕಲಿ ದಾಟಿ ನರೇಗಲ್ಲಿನ ಹಾದಿ ಹಿಡಿದಿದ್ದೇ ತಡ, ಗಾಡಿ ಕೆಮ್ಮಿತು, ಜಗ್ಗಿತು, ನಿಂತೇಬಿಟ್ಟಿತು. ಡ್ರೈವರ್ ಗಾಡಿಯ ಕೆಳಗೆ ತೂರಿ, ಪೆಟ್ರೋಲಿನ ನಳಿಗೆ ಬಿಚ್ಚಿ, ಬಾಯಿಟ್ಟು ಜೋರಾಗಿ ಊದಿದ. ನಳಿಗೆ ತೆರವಾಯಿತು, ಆದರೆ ಅವನ ಬಾಯಿ ತುಂಬ ಪೆಟ್ರೋಲ್. ಹೊರಗೆ ಬಂದು ಕಣ್ಣಲ್ಲಿ ನೀರು ತಂದುಕೊಂಡು ಉಗುಳುತ್ತ ನಿಂತ. ಅತ್ತೆ ಹೂಜಿಯಿಂದ ತಂಬಿಗೆಗೆ ನೀರು ಬಗ್ಗಿಸತೊಡಗಿದ್ದರು. ಅಷ್ಟರಲ್ಲಿ ಮಾವನವರು ಇಳಿದು ಹೋಗಿ, ಹತ್ತಿ ನೋಡುವವರ ಹಾಗೆ ಅವನ ಮುಖಕ್ಕೆ ಬಾಗಿ, ಬಾಯಿ ಮೂಸಿದರು.

"ಪೆಟ್ರೋಲ್ ನಾತ ಹೊಡೀತದಲ್ಲೋ" ಎಂದರು.

"ಊದಿದ್ನಲ್ರಿ ಸಾವಕಾರ್ರ."

"ಇವತ್ತ ಊದಿದ್ದರದೋ, ದಿನಾ ಹೀರಿದ್ದರದೋ?"

ರಬ್ಬರಿನ ನಳಿಗೆ ಇಳಿಬಿಟ್ಟು, ಬಾಯಿಂದ ಎಳೆದು ಪೆಟ್ರೋಲ್ ಕದಿಯುವ ಡ್ರೈವರುಗಳ ಕತೆ ಆಗ ಗದಗಿನಿಂದ ಗಜೇಂದ್ರಗಡದವರೆಗೆ ಎಲ್ಲರಿಗೂ ಗೊತ್ತಿತ್ತು. ಅತ್ತೆಯ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು. ಗಂಡ ಕಳ್ಳನೆಂದವನಿಗೆ ಹೆಂಡತಿ ನೀರು ಕೊಡುವ ಕಾಲ ಅದಲ್ಲ. ಇನ್ನೊಮ್ಮೆ ಗಾಡಿ ನಿಂತಾಗ ಮಾವನವರು ಸೀರೆಯೂ ಬೇಡ ಏನೂ ಬೇಡ ಎಂದು ಹಿಂದಕ್ಕೆ ತಿರುಗಿಸಿದರು.

ಅಂದಿನಿಂದ ದಿನ ಬೆಳಗಾದರೆ ಡ್ರೈವರನ ಬಾಯಿ ಮೂಸುವುದು ಶುರುವಾಯಿತು. ಅವನು ಕೈ ಕಟ್ಟಿ ನಿಲ್ಲುವನು, ಇವರು ಮೂಸುವರು. ನೋಡುವವರಿಗೇ ನಾಚಿಕೆ. ಗಾಡಿ ನಿಲ್ಲುವುದಂತೂ ತಪ್ಪಲಿಲ್ಲ. ಅದರ ಮೇಲೆ ಟಾಕಿಯ ತಳ ಜಿನುಗತೊಡಗಿತು. ಡ್ರೈವರ್ ಸಾಬೂನು ಮೆತ್ತಿ ಮೆತ್ತಿ ಸಾಕಾಗಿ ಹೇಳಿದ: "ಟಾಕಿ ಒಳಗಿಂದ ತಿಂದ ಹೋಗೇತ್ರಿ. ಬ್ಯಾರೆ ಟಾಕಿ ಹಾಕಬೇಕ್ರಿ."

"ಒಳಗಿಂದ ಅಂತ ನಿನಗ ಹ್ಯಾಂಗ ಗೊತ್ತಾತು?" ಮಾವ ಕೇಳಿದರು.

ಅವನು ನೆಲ ನೋಡಿದ. ಅದನ್ನು ನಾನು ಗಮನಿಸಿದೆ. ಏನೋ ಮುಚ್ಚಿಡುತ್ತಿದ್ದಾನೆ ಎಂದು ನನಗೂ ಅನಿಸಿತು.

ಪಂಚಮಿಗೆ ನಾನು ತವರಿಗೆ, ನರಗುಂದಕ್ಕೆ ಹೋಗಿದ್ದೆ. ಕರೆದೊಯ್ಯಲು ಮಾವ ಡ್ರೈವರನೊಂದಿಗೆ ಬಂದರು, ಬಂದವರು ಟಾಕಿಯ ಕೆಲಸವನ್ನೂ ಹಚ್ಚಿಕೊಂಡರು. ಊರಲ್ಲಿ ಎರಡು ಟಾಕಿ ಇದ್ದವು. ಒಂದು, ಗುಜರಿಯವನ ಹತ್ತಿರ ಬಿದ್ದಿದ್ದ ಲಾರಿಯ ಟಾಕಿ. ಇನ್ನೊಂದು, ನಮ್ಮ ಓಣಿಯ ಹಳೇ ವಾಡೆಯ ಹಿತ್ತಲಲ್ಲಿ ನಮ್ಮ ಗಾಡಿಯಂಥದೇ ಒಂದು ಗಾಡಿ ಕೋಳಿಗಳ ಮನೆಯಾಗಿತ್ತು, ಅದರದ್ದು. ಡ್ರೈವರ್ ಎರಡನ್ನೂ ಬೆರಳಿನಿಂದ ಬಡಿದು ನೋಡಿ, ಲಾರಿಯದನ್ನು ಹೊಗಳತೊಡಗಿದ. "ಇದ ಚಲೋ ಐತ್ರಿ. ದಪ್ಪ ತಗಡು. ಕಣ್ಣ ಮುಚ್ಚಿ ತಗೋರಿ."

ಕಣ್ಣು ಮುಚ್ಚು ಎಂದು ಮಾವನವರಿಗೆ ಹೇಳುವುದೇ? ಗುಜರಿಯವನ ಜೊತೆ ಇವನದೇನೋ ಒಳಗಿಂದೊಳಗೆ ಇದೆ ಎಂದು ಅವರು ಆಗಲೇ ತೀರ್ಮಾನಿಸಿದರು. ನೇರ ವಾಡೆಗೆ ನಡೆದು, ಅಲ್ಲಿಯ ಟಾಕಿ ಬಿಚ್ಚಿಸಿ, ನನ್ನ ತವರಿನ ಕನ್ನಡಿ ತರಿಸಿ, ಬಿಸಿಲನ್ನು ಕೊರಳೊಳಗೆ ಹಾಯಿಸಿ ಇಣುಕಿದರು. ಬೆಸುಗೆಯ ಮೇಲೆಲ್ಲ ಒಣ ಸುಣ್ಣ ಸವರಿ, ನೀರು ತುಂಬಿಸಿ, ಸುಣ್ಣ ಎಲ್ಲಾದರೂ ಹಸಿಯಾಗುತ್ತದೆಯೇ ಎಂದು ಕಾದರು. ಆಗಲಿಲ್ಲ. ಕೊನೆಗೆ ಮೂಸಿದರು. ಕೋಳಿಯ ವಾಸನೆ ಬಿಟ್ಟರೆ ದೋಷವಿರಲಿಲ್ಲ.

ಡ್ರೈವರ್ ಆ ಟಾಕಿಯನ್ನು ಹೆಗಲಿಗೇರಿಸಿ ನನ್ನ ಮುಂದೆ ಹಾದುಹೋಗುವಾಗ ಅವನ ಮೀಸೆಯ ಕೆಳಗೆ ಸಣ್ಣ ನಗೆ ಕಂಡಿತು. ಅವನಿಗೆ ಬೇಕಾಗಿದ್ದದ್ದೇ ಇದು. ತಾನು ಹೊಗಳಿದ್ದನ್ನು ಸಾಹುಕಾರರು ಮುಟ್ಟುವುದಿಲ್ಲ ಎಂದು ಗೊತ್ತಿದ್ದೇ ಲಾರಿಯದನ್ನು ಹೊಗಳಿದ್ದ. ನನಗೆ ನಗು ಬರುವ ಬದಲು ಅನುಮಾನ ಬಲಿಯಿತು. ಮಾವನವರನ್ನೇ ಹೀಗೆ ಕುಣಿಸಬಲ್ಲವನು ಪೆಟ್ರೋಲ್ ಕದಿಯಲಾರನೇ? ಆ ಮನೆಯ ಗಾಳಿ ನನಗೂ ಬಡಿದಿತ್ತು.

ರೋಣದಲ್ಲಿ ಅಂಗಳದ ಬೇವಿನ ಕೆಳಗೆ ಕೆಲಸ ನಡೆಯಿತು. ನರಗುಂದದಿಂದ ತಂದ ಟಾಕಿಯೊಳಗೆ ಡ್ರೈವರ್ ಸಣ್ಣ ಹರಳುಕಲ್ಲು ಹಾಕಿ, ಪೆಟ್ರೋಲ್ ಸುರಿದು, ಗಲಗಲ ಅಲ್ಲಾಡಿಸಿ ತೊಳೆದ. ಅದರ ಕೊರಳಿಗೆ ತಗಡಿನ ಕೆಲಸದವನಿಂದ ಹಿತ್ತಾಳೆಯ ಜಾಳಿಗೆ ಬೆಸೆಯಿಸಿಕೊಂಡು ಬಂದಿದ್ದ. ಟಾಕಿ ಬಿಗಿಯುವ ಕಬ್ಬಿಣದ ಪಟ್ಟಿ ತಗಡನ್ನು ಉಜ್ಜಬಾರದೆಂದು ಹಳೇ ಟ್ಯೂಬಿನ ತುಂಡು ಕತ್ತರಿಸಿಟ್ಟ. ಆಮೇಲೆ ಹಳೇ ಟಾಕಿ ಇಳಿಸಿ, ಪೆಟ್ರೋಲ್ ಬಕೆಟ್ಟಿಗೆ ಬಸಿದು, ಬೋರಲು ಹಾಕಿ ಬಡಿದ. ಹಳದಿ ಗಸಿ ಹೆಪ್ಪುಹೆಪ್ಪಾಗಿ ಬಿತ್ತು. ಹುಳಿ ನಾತ ಅಂಗಳವನ್ನೆಲ್ಲ ತುಂಬಿತು.

ಮಾವನವರು ಅದರಲ್ಲಿ ಬೆರಳದ್ದಿ ಮೂಸಿದರು. "ಕಲಬೆರಕಿ" ಎಂದರು. "ಪೆಟ್ರೋಲ್ ತಗದು, ಕೋಲ ಇಳಿಸಿದ್ರ ಅಳತಿ ಸರಿ ಕಾಣ್ಲಿ ಅಂತ ಏನೋ ಸುರವಿ. ನಡಿ ಹಣಮಪ್ಪನ ಗುಡಿಗೆ. ನಾ ಕದ್ದಿಲ್ಲ, ಇದೇನಂತ ನನಗ ಗೊತ್ತಿಲ್ಲ ಅಂತ ಕರ್ಪೂರ ಮುಟ್ಟಿ ಆಣಿ ಮಾಡು."

ಡ್ರೈವರ್ ಕೈ ಒರೆಸಿಕೊಂಡ. "ಕದ್ದಿಲ್ಲಂತ ಆಣಿ ಮಾಡ್ತೀನ್ರಿ. ಗೊತ್ತಿಲ್ಲಂತ ಮಾಡಂಗಿಲ್ರಿ."

"ಹಂಗಾರ ಏನದು, ಹೇಳು."

"ಹೇಳಂಗಿಲ್ರಿ."

"ಟಾಕಿ ಕೂಡ್ಸು. ಸಂಜಿಗೆ ನಿನ್ನ ಊರ ಹಾದಿ ಹಿಡಿ."

ಅವನು ಮತ್ತೆ ಗಾಡಿಯ ಕೆಳಗೆ ತೂರಿದ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ನನ್ನ ಕಣ್ಣು ಆ ಜಾಳಿಗೆಯ ಮೇಲೇ ಇತ್ತು. ಅಷ್ಟು ಸಣ್ಣ ಕಣ್ಣಿನ ಜಾಳಿಗೆಯೊಳಗೆ ರಬ್ಬರಿನ ನಳಿಗೆ ಇಳಿಯುವುದಿಲ್ಲ. ಕಳ್ಳ ತನ್ನ ಹಾದಿಯನ್ನು ತಾನೇ ಏಕೆ ಮುಚ್ಚಿಕೊಳ್ಳುತ್ತಾನೆ? ಇವನು ಬೇರೆ ಯಾವುದನ್ನೋ ತಡೆಯಲು ಹೊರಟಿದ್ದಾನೆ. ಆಗ ಆ ಹುಳಿ ನಾತ ಮತ್ತೊಮ್ಮೆ ಮೂಗಿಗೆ ಬಡಿಯಿತು, ಈ ಸಲ ನನಗೆ ಗುರುತು ಸಿಕ್ಕಿತು. ಅದು ಹುಳಿತ ಮಜ್ಜಿಗೆ, ಆ ಹಳದಿ ಅರಿಷಿಣ. ಕುಟ್ಟಿದವಳು ನಾನೇ.

ಕಾರಹುಣ್ಣಿಮೆಯ ಹಿಂದಿನ ದಿನ ನಮ್ಮ ಕಡೆ ಎತ್ತುಗಳ ಮೈ ತೊಳೆದು ಗೊಟ್ಟ ಹಾಕುತ್ತಾರೆ. ಕುಸುಬಿ ಎಣ್ಣೆ, ಮಜ್ಜಿಗೆ, ಅರಿಷಿಣ ಕಲಸಿ, ಓರೆಯಾಗಿ ಕತ್ತರಿಸಿದ ಬಿದಿರಿನ ನಳಿಗೆಗೆ ತುಂಬಿ, ಎತ್ತಿನ ಬಾಯಿ ಎತ್ತಿ ಗಂಟಲಿಗೆ ಇಳಿಸುತ್ತಾರೆ. ಆ ನಳಿಗೆಯೇ ಗೊಟ್ಟ. ವರ್ಷವಿಡೀ ದುಡಿದ ಜೀವಕ್ಕೆ ಮೈ ತಂಪಾಗಲಿ ಎಂದು ಮಾಡುವ ಉಪಚಾರ. ಆ ಸಲ ಅತ್ತೆ ಎತ್ತುಗಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಕಲಸಿಸಿದ್ದರು. ಆಕಳಿಗಿರಬೇಕೆಂದು ನಾನು ಸುಮ್ಮನಾಗಿದ್ದೆ.

ದನದ ಕೊಟ್ಟಿಗೆಗೆ ಹೋಗಿ, ಗೂಟಕ್ಕೆ ತೂಗುಹಾಕಿದ್ದ ಗೊಟ್ಟ ತೆಗೆದು ಮೂಸಿದೆ. ನಾನೂ ಮೂಸುವವಳಾಗಿದ್ದೆ. ತುದಿಯಲ್ಲಿ ಪೆಟ್ರೋಲಿನ ವಾಸನೆ ಇನ್ನೂ ಇತ್ತು. ತಿರುಗಿದರೆ ಹಿಂದೆ ಅತ್ತೆ. ನನ್ನ ಕೈಯಿಂದ ಗೊಟ್ಟ ಕಿತ್ತುಕೊಂಡರು. ಇನ್ನು ಇದು ಒಲೆಗೆ ಹೋಯಿತು, ಡ್ರೈವರ್ ಊರಿಗೆ ಹೋದ ಎಂದುಕೊಂಡೆ.

ಅವರು ಸೀದಾ ಅಂಗಳಕ್ಕೆ ನಡೆದು ಅದನ್ನು ಗಂಡನ ಮುಂದಿಟ್ಟರು.

"ಆಣಿ ಬೇಕಂದ್ರ ನಾ ಮಾಡ್ತೀನಿ" ಎಂದರು. "ನಾನ ಗಾಡಿಗೆ ಕುಡಿಸೀನಿ. ವರ್ಷಾಪೂರ್ತಿ ನಿಮ್ಮನ್ನ ಹೊತ್ತ ತಿರಗೇತಿ. ಎತ್ತಿಗೆ ಕುಡಿಸಿ, ಇದನ್ನ ಉಪಾಸ ನಿಂದ್ರಸೂದು ಹ್ಯಾಂಗ? ಅವ ನೋಡಿದ, ಬ್ಯಾಡ್ರಿ ಅವ್ವಾರ ಅಂದ. ಅಷ್ಟರಾಗ ಸುರದಾಗಿತ್ತು. ಯಾರ ಮುಂದಾರ ಹೇಳಿದ್ರ ನನ್ನ ಆಣಿ ಅಂತ ಕಟ್ಟ ಹಾಕಿದೆ. ನಗತಾರಂತ ಸುಮ್ಮನಿದ್ದೆ. ಊರ ಬಿಡಸ್ತೀರಂದ್ರ ಸುಮ್ಮನಿರಾಕ ಆಗಂಗಿಲ್ಲ."

ಯಾರೂ ನಗಲಿಲ್ಲ. ಮಾವನವರು ಗೊಟ್ಟ ಎತ್ತಿ, ರೂಢಿಯಂತೆ ಮೂಸಿ, ಕೆಳಗಿಟ್ಟರು. ಗಾಡಿಯ ಕೆಳಗೆ ಕಾಣುತ್ತಿದ್ದ ಎರಡು ಕಾಲುಗಳಿಗೆ "ಹಂಗಾರ ಇರು" ಎಂದರು. ಅಷ್ಟೇ. ಅದಕ್ಕಿಂತ ಹೆಚ್ಚಿನ ಮಾತು ಅವರ ಬಾಯಲ್ಲಿ ಇರಲಿಲ್ಲ.

ಡ್ರೈವರ್ ಕೊನೆಯ ನಟ್ಟು ಬಿಗಿದ, ಪೆಟ್ರೋಲ್ ತುಂಬಿದ, ಗಾಡಿ ಚಾಲೂ ಮಾಡಿ ಓಣಿ ಸುತ್ತಿಸಿ ತಂದು ನಿಲ್ಲಿಸಿದ. ಬೀಗದ ಕೈ ಕಟ್ಟೆಯ ಮೇಲಿಟ್ಟ. "ಅನುಮಾನ ಪಟ್ಟದ್ದಕ್ಕ ಬ್ಯಾಸರಿಲ್ರಿ. ದಿನಾ ಬಾಯಿ ಮೂಸಿದ್ದು ಸೇರಲಿಲ್ಲ" ಎಂದು ಹೇಳಿ, ಹೆಗಲಿನ ಅರಿವೆ ಕೊಡವಿ ನಡೆದುಬಿಟ್ಟ.

ಮದುವೆ ಹತ್ತಿರವಾಯಿತು, ಬಿಟ್ಟುಬಂದ ಸೀರೆಗೆ ಮತ್ತೆ ಹೊರಟೆವು. ಈಗ ಗದಗಿನ ಕಡೆಯ ಹೊಸ ಡ್ರೈವರ್. ಟಾಕಿ ಬೇರೆಯಾಗಿತ್ತು, ನಳಿಗೆ ಹಳೆಯದೇ. ಒಳಗೆ ಎಲ್ಲೋ ಅಂಟಿದ್ದ ಅತ್ತೆಯ ಅರಿಷಿಣ ಅಂದೇ ಕಳಚಿ ಬಂದಿರಬೇಕು. ಜಕ್ಕಲಿ ದಾಟುತ್ತಲೇ ಗಾಡಿ ಕೆಮ್ಮಿ ನಿಂತಿತು. "ಇದು ಮಿಸ್ತ್ರಿ ಕೆಲಸಾರೀ, ನಂದಲ್ಲ" ಎಂದು ಹೊಸಬ ಬೀಡಿ ಹಚ್ಚಲು ದೂರ ಹೋದ.

ಮಾವನವರು ರುಮಾಲು ತೆಗೆದಿಟ್ಟು, ಬಿಳಿ ಧೋತರದಲ್ಲೇ ಗಾಡಿಯ ಕೆಳಗೆ ತೂರಿದರು. ಊದಿದ ಸಪ್ಪಳ ಕೇಳಿತು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಗಡ್ಡದಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಅತ್ತೆ ಈ ಸಲ ತಡ ಮಾಡದೆ ತಂಬಿಗೆ ಚಾಚಿದರು. ಮಾವ ಅದನ್ನು ತೆಗೆದುಕೊಳ್ಳಲಿಲ್ಲ. ಬಾಯಿ ಮುಚ್ಚಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ, ಜಕ್ಕಲಿಯ ಕಡೆ ನಡೆಯತೊಡಗಿದರು. ಏನಾಯಿತೆಂದು ತಿಳಿಯದೆ ನಾವಿಬ್ಬರೂ ಹಿಂದೆ ಹೋದೆವು.

ಊರ ಅಂಚಿನ ಮನೆ. ಹಳೇ ಡ್ರೈವರ್ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ, ನಮ್ಮನ್ನು ಕಂಡು ಎದ್ದು ನಿಂತ. ಮಾವನವರು ಅವನ ಹತ್ತಿರ ಹೋಗಿ, ಮುಖವೆತ್ತಿ, ಬಾಯಿ ತೆರೆದರು.

"ಮೂಸಿ ನೋಡು" ಎಂದರು.

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಮೂಸೋ. ಕದ್ದೀನೋ ಊದೀನೋ, ಹೇಳು."

ಅವನು ತಿರುಗಿ ಒಳಗೆ ಹೋದ. ಬಾಗಿಲು ಹಾಕಿಕೊಳ್ಳುತ್ತಾನೆ, ಹಾಕಿಕೊಳ್ಳಲಿ, ಇವರಿಗೆ ಆಗಬೇಕಾದದ್ದೇ ಎಂದು ನನ್ನ ಮನಸ್ಸು ಹೇಳಿತು. ಅತ್ತೆ ನನ್ನ ಮುಂಗೈ ಬಿಗಿಯಾಗಿ ಹಿಡಿದಿದ್ದರು. ಅವನು ಚರಿಗೆಯಲ್ಲಿ ನೀರು ತಂದ.

"ಮದಲ ಬಾಯಿ ಮುಕ್ಕಳಸ್ರಿ ಸಾವಕಾರ್ರ. ನಾಲಿಗಿ ಸುಡತೈತಿ."

ಮಾವನವರು ಚರಿಗೆ ಇಸಿದುಕೊಂಡು, ಆ ನೀರನ್ನು ಮೂಸದೆ ಬಾಯಿಗೆ ಹಾಕಿಕೊಂಡರು.