ಅಪ್ಪನ ಮೂರು ಬಸ್ತಾ

ಅಪ್ಪ ಎರಡು ಸಲ ಶಾಸಕರಾಗಿದ್ದರು. ಚಿತ್ತಾಪುರದ ನಮ್ಮ ಮನೆಯಲ್ಲಿ ಅವರು ಬಿಟ್ಟುಹೋದದ್ದು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿದ ಮೂರು ಬಸ್ತಾ ಕಾಗದ. ಹೆಚ್ಚಿನವು ಜನ ಬರೆಸಿಕೊಂಡು ಬಂದ ಅರ್ಜಿಗಳು. ಹೆಸರಿಲ್ಲದ ಅರ್ಜಿಯನ್ನು ಅಪ್ಪ ಮುಟ್ಟುತ್ತಿರಲಿಲ್ಲ.

"ಹೆಸರು ಹಾಕ್ರಿ, ಊರು ಹಾಕ್ರಿ, ಹೆಬ್ಬೆಟ್ಟು ಒತ್ತರಿ. ಕಾಗದ ನನ್ನ ಬಲ್ಲಿ ಇರ್ತದ, ಯಾರಿಗೂ ತೋರ್ಸಂಗಿಲ್ಲ" ಎನ್ನುತ್ತಿದ್ದರು. ಜನ ನಂಬಿ ಒತ್ತುತ್ತಿದ್ದರು.

ಅವರು ತೀರಿಕೊಂಡ ಐದನೆಯ ದಿನ ರಾವೂರಿನ ಕಡೆಯ ಒಬ್ಬ ಸಾಹುಕಾರ ಮಾತಾಡಿಸಲು ಬಂದ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿ ಅವನದು. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಅಟ್ಟದ ಕಡೆ ನೋಡಿದ.

"ತಂಗೀ, ಸಾಹೇಬ್ರ ಕಾಗದ ಹುಳಾ ತಿಂದು ಹಾಳಾಗಬಾರ್ದು. ನಮ್ಮ ಆಫೀಸಿನಾಗ ಗಾಜಿನ ಕಪಾಟು ಅದ. ಸೋಮವಾರ ಜೀಪ್ ಕಳಸ್ತೀನಿ."

ನಾನು ಹೂಂ ಅಂದೆ. ಇಡೀ ತರಗತಿಯನ್ನು ಒಂದೇ ಗದರಿಕೆಗೆ ಕೂರಿಸುವ ಸರಕಾರಿ ಶಾಲೆಯ ಟೀಚರು ನಾನು. ಅವನೆದುರು ಬಾಯಿಗೆ ಬಂದದ್ದು ಅದೊಂದೇ. ಅವನು ಒಂದು ಮಾತು ಹೇಳಿದರೆ ನನ್ನನ್ನು ಚಿಂಚೋಳಿಯ ಆಚೆಗೆ ವರ್ಗ ಮಾಡಿ ಎಸೆಯುತ್ತಿದ್ದರು.

ಅವನು ಹೋದ ಮೇಲೆ ಬಸ್ತಾ ಇಳಿಸಿದೆ. ಒಂದರ ತುಂಬ ಅವನ ಖಣಿಯ ಕೂಲಿಯವರ ಅರ್ಜಿಗಳೇ. ಅದರಲ್ಲೊಂದು ನನಗೆ ಮುಖಪರಿಚಯವಿದ್ದ ಹೆಂಗಸಿನದು. ಕಲ್ಲು ಕುಸಿದು ಗಂಡ ಅಡಿಯಲ್ಲೇ ಉಳಿದ, ಸಾಹುಕಾರ ಆ ಗುಂಡಿ ಮುಚ್ಚಿಸಿ, ಗಂಡ ಮುಂಬಯಿಗೆ ಓಡಿಹೋದನೆಂದು ಸುದ್ದಿ ಹಬ್ಬಿಸಿದ, ಎಂದು ಬರೆಸಿದ್ದಳು. ಪಕ್ಕದಲ್ಲಿ ಅಪ್ಪನ ಅಕ್ಷರ: 'ಖರೆ ಇದೆ. ಕೇಳಬೇಕು.' ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಆಕೆ ಮಾತ್ರ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಇನ್ನೂ ಅದೇ ಖಣಿಯಲ್ಲಿ ಕಲ್ಲು ಹೊರುತ್ತಿದ್ದಳು.

ಕಾಗದ ಅವನ ಕೈ ಸೇರಿದರೆ ಆಕೆಯ ಗತಿಯೇನು? ಕೊಡದಿದ್ದರೆ ನನ್ನ ಗತಿಯೇನು? ಸುಡೋಣವೆಂದರೆ ಅಪ್ಪನ ಕಾಗದ. ಎಲ್ಲಕ್ಕೂ ಒಂದೇ ಉಪಾಯ ಹುಡುಕಿದೆ, ದೊಡ್ಡ ಬುದ್ಧಿವಂತೆ! ಹೊಲಿಗೆಯ ಕತ್ತರಿ ತಂದು, ಪ್ರತಿ ಅರ್ಜಿಯಿಂದ ಹೆಸರು, ಊರು, ಹೆಬ್ಬೆಟ್ಟು ಕತ್ತರಿಸಿ ತೆಗೆದು ಒಲೆಗೆ ಹಾಕಿದೆ. ಓಣಿಯಲ್ಲಿ ಗಾಡಿಯ ಸದ್ದಾದಾಗಲೆಲ್ಲ ಕಾಗದಗಳ ಮೇಲೆ ಸೀರೆ ಹರಡಿ ಕೂರುತ್ತಿದ್ದೆ. ಭಾನುವಾರ ಸಂಜೆಯ ಹೊತ್ತಿಗೆ ಬಸ್ತಾ ಮತ್ತೆ ಕಟ್ಟಿದೆ.

ಸೋಮವಾರ ಜೀಪು ಬರಲಿಲ್ಲ. ಮಂಗಳವಾರವೂ ಇಲ್ಲ. ಸಾಹುಕಾರ ಮುಂದೆ ಎಂದೂ ಆ ಮಾತೆತ್ತಲಿಲ್ಲ. ಕೊನೆಗೆ ಖಣಿ ಮಾರಿ ಹೈದರಾಬಾದಿಗೆ ಹೋಗಿಬಿಟ್ಟ. ಆದರೂ ವರ್ಷಗಟ್ಟಲೆ ಜೀಪಿನ ಸದ್ದು ಕೇಳಿದರೆ ಎದ್ದು ಕಿಟಕಿಯಿಂದ ಇಣುಕುತ್ತಿದ್ದೆ.

ಆರೇಳು ವರ್ಷದ ಮೇಲೆ ಆ ಹೆಂಗಸು ಮನೆಗೆ ಬಂದಳು.

"ಅಕ್ಕೋರೆ, ಮಗಳಿಗಿ ನೋಡ್ಲಿಕ ಬಂದೋರು ಅಪ್ಪ ಓಡಿಹೋದಾಂವ ಅಂತ ಎದ್ದು ಹೋದ್ರು. ಅಂಜಿ ಅಂಜಿ ಸಾಕಾಗ್ಯದ್ರಿ, ಈಗ ಕೋರ್ಟಿಗಿ ಹೋಗಾಕತ್ತೀನಿ. ಅಂವ ಓಡಿಹೋಗಿಲ್ಲ, ಅಲ್ಲೇ ಸತ್ತಾನ ಅಂತ ಬರ್ಕೊಟ್ರ ಸಾಕು. ಆಗಿಂದು ಏನರ ಕಾಗದ ತಾ ಅಂತಾರ ವಕೀಲರು. ಸಾಹೇಬ್ರು ಇಟ್ಟಿರ್ತಾರಲ್ರಿ?"

ಇಟ್ಟಿದ್ದರು. ಬಸ್ತಾ ಬಿಚ್ಚಿ ಆಕೆಯ ಅರ್ಜಿ ಹುಡುಕಿ ತೆಗೆದೆ. ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ. ಗಂಡನ ಹೆಸರೂ ಹೋಗಿತ್ತು. 'ಖರೆ ಇದೆ' ಎಂಬ ಅಪ್ಪನ ಅಕ್ಷರ ಹಾಗೇ ಇತ್ತು. ಯಾರ ಮಾತು ಖರೆ ಎಂಬುದಿರಲಿಲ್ಲ.

ಆಕೆಗೆ ಓದು ಬರದು. ಕೆಳಗಿನ ಕಿಂಡಿ ತೋರಿಸಿ, "ಇಲ್ಲೇ ಒತ್ತಿದ್ದೆ ನಾ. ಇಲಿ ಕಡದಾವೇನ್ರಿ?" ಎಂದಳು.

ಅಂಜಲು ಸಾಹುಕಾರ ಊರಲ್ಲೇ ಇರಲಿಲ್ಲ. ಈ ಸಲ ಆಕೆಗೇ ಅಂಜಿದೆ.

"ಹೌದವ್ವ, ಇಲಿ" ಎಂದೆ.

ಆಕೆ ಕಿಂಡಿಯ ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಅಂಚು ಗೆರೆ ಎಳೆದಷ್ಟು ನೆಟ್ಟಗಿತ್ತು. ಒಮ್ಮೆ ನನ್ನ ಮುಖ ನೋಡಿದಳು. ಕಾಗದವನ್ನು ನನ್ನ ಕೈಗೇ ಕೊಟ್ಟು, "ಇಟ್ಕೋರಿ" ಎಂದು ಹೊರಟುಹೋದಳು.