ಫಾಯಿಲ್ ಟ್ರೇಯ ಬಾಗಿನ

ಸ್ಯಾನ್ ಡಿಯಾಗೋದಲ್ಲಿ ನಮಗೆ ಮೊರ ಸಿಗುತ್ತಿರಲಿಲ್ಲ. ಹಾಗಾಗಿ ಗೌರಿ ಹಬ್ಬದ ಬಾಗಿನ ಫಾಯಿಲ್ ಟ್ರೇಯಲ್ಲಿ. ಮೇಲೊಂದು ಟ್ರೇ ಮುಚ್ಚಿದರೆ ಮುಗಿಯಿತು. ಒಳಗೆ ಅಕ್ಕಿ, ಬೇಳೆ, ಬೆಲ್ಲ ಒಂದೊಂದು ಹಿಡಿ, ಜೊತೆಗೆ ಬಳೆ, ರವಿಕೆ ಕಣ. ಪಡೆದವರು ತಿರುಗಿ ಕೊಡುವುದು ನಮ್ಮಲ್ಲಿ ಪದ್ಧತಿ. ಗೌರಿಯೇನು ತೂಕ ನೋಡುವುದಿಲ್ಲ.

ಕಂಪನಿಗಳು ಒಂದೇ ಸಮನೆ ಜನರನ್ನು ಮನೆಗೆ ಕಳಿಸುತ್ತಿದ್ದ 2009ರಲ್ಲಿ ನನ್ನ ಗೆಳತಿಯ ಗಂಡನಿಗೂ ಲೇಆಫ್ ಆಯಿತು. ಬೇಗ ಇನ್ನೊಂದು ಕೆಲಸ ಸಿಗದಿದ್ದರೆ ವೀಸಾ ಹೋಗುತ್ತದೆ, ದೇಶ ಬಿಡಬೇಕು. ಪ್ರತಿ ಹಬ್ಬಕ್ಕೂ ನಮಗೆಲ್ಲ ಒಬ್ಬಟ್ಟು ಬಡಿಸುತ್ತಿದ್ದವಳು ಯಾರ ಮನೆಗೂ ಬರದಾದಳು. ಸಾಮಾನು ತಂದುಕೊಡಲೇ ಎಂದು ಕೇಳಿದರೆ, "ನಮಗೇನಾಗಿದೆ ಈಗ?" ಎಂದು ಮುಖ ಕೆಂಪಗೆ ಮಾಡಿಕೊಂಡಳು. ಹಠಮಾರಿ. ನನಗೂ ರೇಗಿತ್ತು.

ಉಪಾಯ ಹೇಳಿದ್ದು ಆಂಟಿ, ನಮ್ಮೆಲ್ಲರಿಗಿಂತ ಹಿರಿಯರು, ಮೈಸೂರಿನವರು. "ಸುಮ್ನೆ ಕೊಟ್ರೆ ತಗೊಳ್ಳಲ್ಲ. ಬಾಗಿನ ಅಂದ್ರೆ ಬೇಡ ಅನ್ನಕ್ಕಾಗತ್ತಾ? ತುಂಬ್ರೇ ಚೆನ್ನಾಗಿ!"

ತುಂಬಿದೆವು. ಎಲ್ಲರ ಮನೆಯಿಂದಲೂ ಅಕ್ಕಿ, ಬೇಳೆ, ರವೆ ಬಂತು. ಬಗ್ಗದಿರಲೆಂದು ಟ್ರೇ ಕೆಳಗೆ ಇನ್ನೊಂದು ಟ್ರೇ ಇಟ್ಟೆವು.

ಗೌರಿಗೆ ಕರೆದರೆ ಬರದಿರುವುದು ಹೇಗೆ? ಹಬ್ಬದ ದಿನ ಆಂಟಿ ಮನೆಗೆ ಅವಳು ಬಂದಳು. ಸೆರಗು ಮುಚ್ಚಿ ಬಾಗಿನ ಕೊಟ್ಟೆ. ಅವಳ ಕೈ ಸರಕ್ಕನೆ ಕೆಳಗಿಳಿಯಿತು.

"ತುಂಬಾ ಭಾರ ಇದೆ ಕಣೇ," ಎಂದಳು.

"ಬೆಲ್ಲ ಇಡೀ ಅಚ್ಚೇ ಇಟ್ಟಿದೀನಿ, ಅದಕ್ಕೆ."

ಅವಳು ನಂಬಿದಳೆಂದುಕೊಂಡೆ. ನನ್ನ ಜಾಣತನಕ್ಕೆ ನನಗೇ ಖುಷಿಯಾಯಿತು.

ಅವಳೂ ನನಗೊಂದು ಬಾಗಿನ ತಂದಿದ್ದಳು. ಹಗುರವಾಗಿತ್ತು, ಆದರೆ ಒಂದು ಪದಾರ್ಥವೂ ತಪ್ಪಿರಲಿಲ್ಲ. ಮನೆಗೆ ಬಂದು ತೆಗೆದಾಗ ತೊಗರಿಬೇಳೆಯಲ್ಲಿ ನುಚ್ಚು, ಹಿಟ್ಟು ಜಾಸ್ತಿ ಕಂಡಿತು. ಜರಡಿ ಹಿಡಿದು ಬೇಳೆಯನ್ನು ಸಾರಿಗೆ ಹಾಕಿದೆ.

ದಸರಾ ಹೊತ್ತಿಗೆ ಅವರು ಬೆಂಗಳೂರಿಗೆ ಹೊರಟುಹೋದರು. ಮೊದಮೊದಲು ಫೋನ್ ಬರುತ್ತಿತ್ತು, ಆಮೇಲೆ ಅದೂ ನಿಂತಿತು.

ಭಾರದ ಬಾಗಿನ ಮಾತ್ರ ನಿಲ್ಲಲಿಲ್ಲ. ಪ್ರತಿ ವರ್ಷ ಯಾವುದಾದರೂ ಮನೆಗೆ ಹೋಗುತ್ತಿತ್ತು. ಹಿಂದೆ ಪಡೆದವರು ಚೇತರಿಸಿಕೊಂಡ ಮೇಲೆ ಎಲ್ಲರಿಗಿಂತ ಮುಂದೆ ಬಂದು ತುಂಬುತ್ತಿದ್ದರು. ಯಾರೂ ಈ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ನಾವು ಲಾಸ್ ಏಂಜಲೀಸ್ ಕಡೆಗೆ, ಪೋರ್ಟರ್ ರ್ಯಾಂಚ್‌ಗೆ ಬಂದೆವು. ಅಲ್ಲಿ ನನ್ನವರ ಕೆಲಸ ಹೋಯಿತು. ತಿಂಗಳುಗಳು ಕಳೆದರೂ ಇನ್ನೊಂದು ಸಿಗಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಆಂಟಿಗೆ ಹೇಗೆ ತಿಳಿಯಿತೋ, ಗೌರಿ ಹಬ್ಬದ ಬೆಳಿಗ್ಗೆ ಅಷ್ಟು ದೂರದಿಂದ ಮಗನ ಕಾರಿನಲ್ಲಿ ಬಂದಿಳಿದರು. ಸೆರಗೊಡ್ಡಿ ಬಾಗಿನ ತೆಗೆದುಕೊಂಡೆ. ಕೈ ಇಳಿಯಿತು.

"ಭಾರ ಇದೆ, ಆಂಟಿ."

"ತೆಂಗಿನಕಾಯಿ ದಪ್ಪದ್ದು ಕಣಮ್ಮ," ಎಂದು ಅವರು ಗೋಡೆಯ ಮೇಲಿನ ಫೋಟೋ ನೋಡತೊಡಗಿದರು.

ಅವಮಾನವಾಯಿತು, ಅವರ ಮೇಲೆ ಪ್ರೀತಿಯೂ ಉಕ್ಕಿತು. ತಿರುಗಿ ಬಾಗಿನ ಕೊಡಬೇಕಲ್ಲ, ಅಡುಗೆಮನೆಗೆ ಓಡಿದೆ. ಅವರು ತಂದದ್ದನ್ನೇ ತೆಗೆದು ಅವರಿಗೆ ಕೊಡಲು ಮನಸ್ಸು ಒಪ್ಪಲಿಲ್ಲ. ತೊಗರಿಬೇಳೆ ಡಬ್ಬಿ ಬೋರಲು ಹಾಕಿ ತಳ ತಟ್ಟಿದೆ. ಬೇಳೆಯ ಜೊತೆ ನುಚ್ಚು ಬಿತ್ತು, ಹಿಟ್ಟು ಬಿತ್ತು.

ಆ ಗೆಳತಿಯ ಟ್ರೇ ಕಣ್ಣಮುಂದೆ ಬಂತು. ಅಂದು ನಾನು ಜರಡಿ ಹಿಡಿದು ಚೆಲ್ಲಿದ್ದು ಅವಳ ಡಬ್ಬಿಯ ತಳವನ್ನು. ಕಟ್ಟೆ ಹಿಡಿದುಕೊಂಡು ಅತ್ತೆ.

"ಏನಮ್ಮಾ, ಅರಿಶಿನ ಸಿಗ್ಲಿಲ್ವಾ?" ಎಂದು ಆಂಟಿ ಹಾಲ್‌ನಿಂದ ಕೂಗಿದರು.

"ಸಿಕ್ತು ಆಂಟಿ, ಬಂದೆ," ಎಂದೆ. ನುಚ್ಚನ್ನೂ ಬಾಚಿ ಟ್ರೇಗೆ ಹಾಕಿದೆ.